ಶಾಲೆಗೂ ಪೋಷಕರಿಗೂ ನಡುವೆ ನಂಬಿಕೆ ಕಟ್ಟುವ ಕ್ರಮ: ಶಿಕ್ಷಕರಿಗೊಂದು ಹಂತ ಹಂತದ ಮಾರ್ಗದರ್ಶಿ

ಪೋಷಕರ ಸಭೆ ಕರೆದರೆ ಬರಬೇಕಾದವರು ಬರುವುದಿಲ್ಲ, ಚೆನ್ನಾಗಿ ಓದುವ ಮಕ್ಕಳ ತಂದೆತಾಯಿಯರಷ್ಟೇ ಬರುತ್ತಾರೆ ಎಂದು ಶಿಕ್ಷಕರು ಪದೇ ಪದೇ ಹೇಳುತ್ತಾರೆ. ಶಾಲೆಯಿಂದ ಫೋನ್ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ ಎಂದು ಪೋಷಕರೂ ಅಷ್ಟೇ ಸಲ ಹೇಳುತ್ತಾರೆ. ಎರಡಕ್ಕೂ ಕಾರಣ ಒಂದೇ: ಪರಿಚಯವಾಗುವ ಮೊದಲೇ ಶಾಲೆ ತನ್ನ ದೂರನ್ನೋ ಬೇಡಿಕೆಯನ್ನೋ ಮುಂದಿಡುತ್ತದೆ. ಸಭೆ, ಸಮಿತಿ, ಸ್ವಯಂಸೇವೆ ಇವೆಲ್ಲ ಒಳ್ಳೆಯವೇ ಆದರೂ ನಂಬಿಕೆ ಹುಟ್ಟಿದ ಮೇಲೆ ನಡೆಯಬೇಕಾದವು. ಅವುಗಳಿಂದಲೇ ಆರಂಭಿಸುವ ಶಾಲೆಗಳು ವರ್ಷ ವರ್ಷವೂ ಒಂದೇ ಕಡೆ ಎಡವುತ್ತವೆ. ಆದ್ದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಬೇಕು. ತರಗತಿ ಶಿಕ್ಷಕರು ಒಬ್ಬರೇ ಮಾಡಬಹುದಾದ ಕೆಲಸ ಇದರಲ್ಲಿ ಹೆಚ್ಚಿದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಬೇಕಾದಲ್ಲಿ ಅದನ್ನು ಹೇಳಿದ್ದೇನೆ.

ಆರಂಭಕ್ಕೆ ಮುನ್ನ ಇರಬೇಕಾದವು

ಮೊದಲನೆಯದು ಸಂಪರ್ಕ ಪುಸ್ತಕ. ಪ್ರತಿ ಮಗುವಿಗೆ ಒಂದು ಪುಟ ಮೀಸಲಿಟ್ಟು, ಮಗು ಯಾರ ಜೊತೆ ವಾಸಿಸುತ್ತದೆ, ದಿನನಿತ್ಯ ಅದನ್ನು ನೋಡಿಕೊಳ್ಳುವವರು ಯಾರು, ಕೊಟ್ಟಿರುವ ಸಂಖ್ಯೆ ಯಾರ ಕೈಯಲ್ಲಿರುತ್ತದೆ, ಯಾವ ಹೊತ್ತಿನಲ್ಲಿ ಕರೆ ಮಾಡಿದರೆ ಅವರ ದುಡಿಮೆಗೆ ತೊಂದರೆಯಾಗುವುದಿಲ್ಲ, ಅವರು ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ಯಾವುದನ್ನು ಓದಬಲ್ಲರು ಎಂಬುದನ್ನು ಬರೆಯಬೇಕು. ಮಾತನಾಡುವ ಭಾಷೆಯೂ ಓದುವ ಭಾಷೆಯೂ ಬೇರೆಯಾಗಿರಬಹುದು, ಓದಲು ಬಾರದೆಯೂ ಇರಬಹುದು. ಪೋಷಕರೆಂದರೆ ತಂದೆತಾಯಿ ಎಂದೇ ಭಾವಿಸಬಾರದು. ಅಜ್ಜಿ, ಚಿಕ್ಕಪ್ಪ, ದೊಡ್ಡಕ್ಕ ಯಾರೂ ಆಗಿರಬಹುದು. ತಂದೆತಾಯಿ ಬೇರೆಯಾಗಿದ್ದರೆ ಮಾಹಿತಿ ಯಾರಿಗೆ ಹೋಗಬೇಕು, ಮಗುವನ್ನು ಕರೆದೊಯ್ಯುವ ಹಕ್ಕು ಯಾರಿಗಿದೆ ಎಂಬುದನ್ನು ಕಚೇರಿಯ ದಾಖಲೆಯೊಂದಿಗೆ ಹೋಲಿಸಿ ನೋಡಿಕೊಳ್ಳಬೇಕು. ಈ ಪುಸ್ತಕ ಬೀಗದ ಕಪಾಟಿನಲ್ಲಿರಬೇಕು.

ಎರಡನೆಯದು ಸಮಯ. ಪೋಷಕರ ಸಂಪರ್ಕಕ್ಕೆ ವೇಳಾಪಟ್ಟಿಯಲ್ಲಿಯೇ ವಾರಕ್ಕೆ ಒಂದು ಅವಧಿಯನ್ನಾದರೂ ಮುಖ್ಯ ಶಿಕ್ಷಕರು ಕೊಡಬೇಕು. ಶಿಕ್ಷಕರ ಬಿಡುವಿನ ವೇಳೆಯನ್ನು ನಂಬಿದ ಕೆಲಸ ಪರೀಕ್ಷೆಯ ದಿನಗಳು ಬಂದೊಡನೆ ನಿಂತುಹೋಗುತ್ತದೆ. ಇವಲ್ಲದೆ ಬಾಗಿಲು ಮುಚ್ಚಿ ಮಾತನಾಡಬಹುದಾದ ಒಂದು ಜಾಗ, ಅಲ್ಲಿ ದೊಡ್ಡವರು ಕೂರಬಹುದಾದ ಕುರ್ಚಿಗಳು, ಬೇಕಾದಾಗ ಭಾಷಾಂತರಿಸಬಲ್ಲ ಒಬ್ಬ ವಯಸ್ಕರು ಇರಬೇಕು. ಮಗುವನ್ನೇ ಭಾಷಾಂತರಕಾರನನ್ನಾಗಿ ಮಾಡಬಾರದು: ತನ್ನ ತಪ್ಪನ್ನು ತಾನೇ ಹೇಳಬೇಕಾದ ಮಗು ಮಾತನ್ನು ಬದಲಿಸುತ್ತದೆ, ಇಲ್ಲವೇ ಮನೆಯವರ ಮುಂದೆ ಕುಗ್ಗಿಹೋಗುತ್ತದೆ.

ಹಂತ 1: ಶಾಲೆ ಮೊದಲು ತನ್ನ ಬಾಗಿಲನ್ನು ನೋಡಿಕೊಳ್ಳಲಿ

ಹೊಸ ಪೋಷಕರೊಬ್ಬರು ಬಂದರೆ ಗೇಟಿನಿಂದ ತರಗತಿಯವರೆಗೆ ಅವರಿಗೆ ಏನೇನು ಎದುರಾಗುತ್ತದೆ ಎಂಬುದನ್ನು ನಡೆದೇ ನೋಡಿ. ಯಾರು ಮೊದಲು ಮಾತನಾಡಿಸುತ್ತಾರೆ, ಯಾವ ಧ್ವನಿಯಲ್ಲಿ ಮಾತನಾಡಿಸುತ್ತಾರೆ, ಎಷ್ಟು ಹೊತ್ತು ನಿಲ್ಲಿಸುತ್ತಾರೆ, ಗೋಡೆಯ ಮೇಲಿನ ಫಲಕಗಳಲ್ಲಿ "ಪ್ರವೇಶವಿಲ್ಲ", "ನಿಷೇಧಿಸಲಾಗಿದೆ" ಎಂಬ ಪದಗಳು ಎಷ್ಟಿವೆ? ಶಾಲೆಯ ಬಗ್ಗೆ ಪೋಷಕರ ಅಭಿಪ್ರಾಯ ಬಹುಮಟ್ಟಿಗೆ ಕಾವಲುಗಾರರ ಮತ್ತು ಕಚೇರಿ ಸಿಬ್ಬಂದಿಯ ನಡವಳಿಕೆಯಿಂದ ರೂಪುಗೊಳ್ಳುತ್ತದೆ. ಹಾಗಾಗಿ ತರಬೇತಿಯಲ್ಲಿ ಅವರೂ ಕೂರಬೇಕು.

ಶಿಕಾಗೋದ ಶಾಲೆಗಳನ್ನು ಅಧ್ಯಯನ ಮಾಡಿದ ಆಂಟನಿ ಬ್ರೈಕ್ ಮತ್ತು ಬಾರ್ಬರಾ ಷ್ನೈಡರ್ 2002ರಲ್ಲಿ, ಶಾಲೆಯೊಳಗಿನ ನಂಬಿಕೆಯನ್ನು ಜನ ನಾಲ್ಕು ಅಂಶಗಳಿಂದ ಅಳೆಯುತ್ತಾರೆ ಎಂದು ತೋರಿಸಿದರು: ಎದುರಿನವರು ನನ್ನನ್ನು ಗೌರವಿಸುತ್ತಾರೆಯೇ, ತಮ್ಮ ಕೆಲಸದಲ್ಲಿ ಸಮರ್ಥರೇ, ಕರ್ತವ್ಯದ ಗೆರೆ ದಾಟಿ ನನ್ನ ಬಗ್ಗೆ ಕಾಳಜಿ ತೋರುತ್ತಾರೆಯೇ, ಆಡಿದಂತೆ ನಡೆಯುತ್ತಾರೆಯೇ. ಸಿಬ್ಬಂದಿಯ ಸಭೆಯಲ್ಲಿ ಈ ನಾಲ್ಕನ್ನೂ ಹಲಗೆಯ ಮೇಲೆ ಬರೆದು, ಕಳೆದ ತಿಂಗಳು ಶಾಲೆಯಿಂದ ಮನೆಗಳಿಗೆ ಹೋದ ಮಾತುಗಳನ್ನೂ ಪತ್ರಗಳನ್ನೂ ಒಂದೊಂದಾಗಿ ಇವುಗಳಿಗೆ ಒರೆಹಚ್ಚಿ ನೋಡಿ. ಆ ಸಭೆಯಲ್ಲೇ ಒಂದು ಒಪ್ಪಂದಕ್ಕೆ ಬನ್ನಿ: ಪೋಷಕರ ಯಾವುದೇ ಪ್ರಶ್ನೆಗೆ ಎರಡು ಶಾಲಾ ದಿನಗಳೊಳಗೆ ಉತ್ತರ, ಅದು ಕೇವಲ "ವಿಚಾರಿಸುತ್ತಿದ್ದೇನೆ, ಗುರುವಾರ ತಿಳಿಸುತ್ತೇನೆ" ಎಂದಾದರೂ ಸರಿ.

ಎಚ್ಚರಿಕೆಯ ಚಿಹ್ನೆ: ಶಿಕ್ಷಕರ ಕೊಠಡಿಯಲ್ಲಿ "ಆ ಮನೆಯವರಿಗೆ ಮಗುವಿನ ಬಗ್ಗೆ ಗಮನವೇ ಇಲ್ಲ" ಎಂಬ ಮಾತು ಸಲೀಸಾಗಿ ಬರುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ಫೋನಿನಲ್ಲಿ ಎಷ್ಟೇ ಸೌಜನ್ಯದಿಂದ ಮಾತನಾಡಿದರೂ ಆ ಭಾವನೆ ಧ್ವನಿಯಲ್ಲಿ ಇಣುಕುತ್ತದೆ, ಪೋಷಕರು ಅದನ್ನು ಗುರುತಿಸುತ್ತಾರೆ.

ಹಂತ 2: ಮೊದಲ ಕರೆ ಒಳ್ಳೆಯ ಮಾತಿಗಾಗಿಯೇ ಇರಲಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತವನ್ನು ಮಾಡಲು ಸಾಧ್ಯವಿದ್ದರೆ ಇದನ್ನು ಮಾಡಿ. ಶಾಲೆ ಆರಂಭವಾದ ಮೊದಲ ಮೂರು ವಾರಗಳಲ್ಲಿ, ಯಾವ ದೂರೂ ಹುಟ್ಟುವ ಮೊದಲು, ಪ್ರತಿ ಮಗುವಿನ ಮನೆಗೂ ಒಂದು ಕರೆ ಹೋಗಬೇಕು. 40 ಮಕ್ಕಳ ತರಗತಿಯಲ್ಲಿ ದಿನಕ್ಕೆ 3 ಕರೆಗಳಂತೆ ಮಾಡಿದರೆ 14 ಶಾಲಾ ದಿನಗಳಲ್ಲಿ ಕೆಲಸ ಮುಗಿಯುತ್ತದೆ. ಒಂದೊಂದು ಕರೆಗೆ 5 ನಿಮಿಷ ಸಾಕು.

ಕರೆ ಮಾಡುವ ಮುನ್ನ ಮಗುವನ್ನು ಒಂದೆರಡು ದಿನ ಗಮನಿಸಿ, ಕಣ್ಣಾರೆ ಕಂಡ ಒಂದು ಸಂಗತಿಯನ್ನು ಬರೆದುಕೊಳ್ಳಿ. "ನಿಮ್ಮ ಮಗಳು ತುಂಬಾ ಒಳ್ಳೆಯ ಹುಡುಗಿ" ಎಂಬ ಮಾತು ಯಾರ ಮನೆಗಾದರೂ ಹೇಳಬಹುದಾದದ್ದು, ಅದರಿಂದ ನೀವು ಮಗುವನ್ನು ನೋಡಿದ್ದೀರಿ ಎಂಬುದು ತಿಳಿಯುವುದಿಲ್ಲ. ಮಾತು ಹೀಗಿರಲಿ: "ನಮಸ್ಕಾರ, ನಾನು ನಿಮ್ಮ ಮಗಳ ತರಗತಿ ಶಿಕ್ಷಕಿ. ಗಾಬರಿಯಾಗಬೇಡಿ, ಮಗಳು ಚೆನ್ನಾಗಿದ್ದಾಳೆ. ನಿನ್ನೆ ಹೊಸದಾಗಿ ಸೇರಿದ ಹುಡುಗಿಗೆ ಪುಸ್ತಕ ಇರಲಿಲ್ಲ, ಇವಳು ತಾನಾಗಿಯೇ ಪಕ್ಕ ಸರಿದು ತನ್ನದನ್ನು ತೋರಿಸಿದಳು. ಅದನ್ನು ನಿಮಗೆ ಹೇಳಬೇಕೆನಿಸಿತು." ಇಷ್ಟಾದ ಮೇಲೆ ಒಂದು ಪ್ರಶ್ನೆ: "ಅವಳ ಬಗ್ಗೆ ನಾನು ತಿಳಿದಿರಬೇಕಾದದ್ದು ಏನಾದರೂ ಇದೆಯೇ?" ಕೊನೆಗೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೆ ಅನುಕೂಲವೆಂದು ಕೇಳಿ, ವಂದಿಸಿ ಮುಗಿಸಿ.

ಈ ಕರೆಯಲ್ಲಿ ಮನೆಯವರ ಮುಂದೆ ಯಾವ ಬೇಡಿಕೆಯನ್ನೂ ಇಡಬಾರದು. ಶುಲ್ಕ, ಸಮವಸ್ತ್ರ, ಸಹಿ, ಸಭೆ ಯಾವುದರ ಪ್ರಸ್ತಾಪವೂ ಬೇಡ. ಹೊಗಳಿ ಮುಗಿಸಿದೊಡನೆ "ಆದರೆ" ಎಂದು ಆರಂಭಿಸುವುದು ಎಲ್ಲರೂ ಮಾಡುವ ತಪ್ಪು; ಆ ಒಂದು ಪದದಿಂದ ಅಲ್ಲಿಯವರೆಗಿನ ಮಾತೆಲ್ಲ ಮುನ್ನುಡಿಯಾಗಿತ್ತು ಎಂದು ಪೋಷಕರಿಗೆ ಅನಿಸುತ್ತದೆ. ಮತ್ತೊಂದು ತಪ್ಪು, ಸುಲಭವಾಗಿ ಸಿಗುವ ಮನೆಗಳಿಂದ ಆರಂಭಿಸುವುದು. ಹಿಂದಿನ ವರ್ಷ ಹೆಚ್ಚು ದೂರು ಹೋದ ಮನೆಗಳ ಪಟ್ಟಿಯನ್ನು ಹಿಂದಿನ ಶಿಕ್ಷಕರಿಂದ ಪಡೆದು, ಆ ಮನೆಗಳಿಗೇ ಮೊದಲು ಕರೆ ಮಾಡಿ, ಏಕೆಂದರೆ ಅಲ್ಲಿ ಮೊದಲ ದೂರು ಹುಟ್ಟಲು ಬಹಳ ದಿನ ಬೇಕಾಗುವುದಿಲ್ಲ. ಕರೆ ಎತ್ತದವರಿಗೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಪ್ರಯತ್ನಿಸಿ, ಆಮೇಲೆ ಅದೇ ಸಂಗತಿಯನ್ನು ಎರಡು ಸಾಲಿನ ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳುಹಿಸಿ. ಓದಲು ಬಾರದ ಮನೆಯಾದರೆ ಧ್ವನಿ ಸಂದೇಶ ಸಾಕು.

ಎಚ್ಚರಿಕೆಯ ಚಿಹ್ನೆ: "ಅವನು ಏನು ಮಾಡಿದ?" ಎಂಬುದೇ ಪೋಷಕರ ಮೊದಲ ಪ್ರಶ್ನೆಯಾದರೆ, ಶಾಲೆಯ ಕರೆ ಎಂದರೆ ಕೆಟ್ಟ ಸುದ್ದಿ ಎಂಬುದನ್ನು ಅವರು ಅನುಭವದಿಂದ ಕಲಿತಿದ್ದಾರೆ. ಇಂತಹ ಮನೆಗಳನ್ನು ಪುಸ್ತಕದಲ್ಲಿ ಗುರುತು ಮಾಡಿಕೊಂಡು, ತಿಂಗಳೊಳಗೆ ಇನ್ನೊಂದು ಒಳ್ಳೆಯ ಸುದ್ದಿ ಮುಟ್ಟಿಸಿ.

ಹಂತ 3: ಕೇಳಿಸಿಕೊಳ್ಳುವುದು, ಕೇಳಿದ್ದನ್ನು ಬಳಸುವುದು

ಮಗುವಿನೊಂದಿಗೆ ಹುಟ್ಟಿನಿಂದ ಇರುವವರಿಗೆ ಶಿಕ್ಷಕರಿಗೆ ತಿಳಿಯದ ಸಂಗತಿಗಳು ನೂರಾರು ಗೊತ್ತಿರುತ್ತವೆ. ಮಗು ಮನೆಯಲ್ಲಿ ಯಾವ ಕೆಲಸವನ್ನು ಇಷ್ಟಪಟ್ಟು ಮಾಡುತ್ತದೆ, ಸಿಟ್ಟು ಬಂದಾಗ ಹೇಗೆ ಸಮಾಧಾನವಾಗುತ್ತದೆ, ಯಾವುದಕ್ಕೆ ಹೆದರುತ್ತದೆ, ಇದೇ ಶಾಲೆಯಲ್ಲಿ ಹಿಂದೆ ಬೇಸರವಾದದ್ದು ಏನಾದರೂ ಇದೆಯೇ, ಈ ವರ್ಷದ ಕೊನೆಗೆ ಮಗು ಏನನ್ನು ಕಲಿತಿರಬೇಕೆಂಬ ಆಸೆ ನಿಮ್ಮದು: ಈ ಐದು ಪ್ರಶ್ನೆಗಳು ಸಾಕು. ಆದಾಯ, ಜಗಳ, ಕಾಯಿಲೆ ಮುಂತಾದವನ್ನು ಕೆದಕಬಾರದು. ನಂಬಿಕೆ ಬಂದಾಗ ಅವರೇ ಹೇಳುತ್ತಾರೆ.

ಕೇಳಿದ ಸಂಗತಿಯನ್ನು ಎರಡು ವಾರದೊಳಗೆ ತರಗತಿಯಲ್ಲಿ ಬಳಸಿ, ಬಳಸಿದ್ದನ್ನು ಮನೆಗೆ ತಿಳಿಸಬೇಕು. ಶಿಕ್ಷಣ ಸಂಶೋಧಕ ಲೂಯಿಸ್ ಮೋಲ್ ಮತ್ತು ಅವರ ಸಹೋದ್ಯೋಗಿಗಳು 1992ರಲ್ಲಿ ವಿವರಿಸಿದಂತೆ, ದುಡಿಯುವ ಜನರ ಮನೆಗಳಲ್ಲಿ ಕೃಷಿ, ಕಟ್ಟಡ ಕೆಲಸ, ವ್ಯಾಪಾರ, ಔಷಧಿ ಗಿಡಗಳು ಮುಂತಾದವುಗಳ ಬಗ್ಗೆ ಪಾಠಕ್ಕೆ ನೇರವಾಗಿ ಒದಗುವ ಜ್ಞಾನ ಇರುತ್ತದೆ. ತಂದೆ ಮರಗೆಲಸದವರಾದರೆ ಕೋನಗಳ ಪಾಠಕ್ಕೆ ಅವರು ಅಳತೆ ಹಿಡಿಯುವ ರೀತಿಯಿಂದ ಒಂದು ಲೆಕ್ಕ ಮಾಡಬಹುದು. "ನೀವು ಹೇಳಿದ್ದನ್ನು ಇಂದು ಪಾಠದಲ್ಲಿ ಬಳಸಿದೆ" ಎಂಬ ಒಂದು ಸಂದೇಶ, ಶಾಲೆ ತಮ್ಮನ್ನು ತಿಳಿದವರಂತೆ ಕಾಣುತ್ತಿದೆ ಎಂಬುದನ್ನು ಆ ಮನೆಗೆ ಮನವರಿಕೆ ಮಾಡಿಕೊಡುತ್ತದೆ.

ಮನೆಭೇಟಿ ಮಾಡುವ ಶಾಲೆಗಳು ನಾಲ್ಕು ನಿಯಮಗಳನ್ನು ಬಿಡಬಾರದು. ಭೇಟಿ ಎರಡೂ ಕಡೆಯವರ ಇಷ್ಟದಿಂದ ಮಾತ್ರ ನಡೆಯಬೇಕು, ಮೊದಲೇ ದಿನ ಗೊತ್ತುಮಾಡಿರಬೇಕು, ಇಬ್ಬರು ಶಿಕ್ಷಕರು ಜೊತೆಯಾಗಿ ಹೋಗಬೇಕು, ತೊಂದರೆಯಿರುವ ಮಕ್ಕಳ ಮನೆಗಳನ್ನಷ್ಟೇ ಆರಿಸದೆ ಉಳಿದವರ ಮನೆಗಳಿಗೂ ಹೋಗಬೇಕು. ನಾಲ್ಕನೆಯದನ್ನು ಮುರಿದರೆ ಭೇಟಿ ತನಿಖೆಯಾಗುತ್ತದೆ, ನೆರೆಹೊರೆಯವರ ಮುಂದೆ ಆ ಮನೆಗೆ ಅವಮಾನವಾಗುತ್ತದೆ. ಅಲ್ಲಿ ಕುಳಿತು ನಮೂನೆ ತುಂಬಬೇಡಿ. ಮನೆಗೆ ಬರುವುದು ಬೇಡವೆಂದವರನ್ನು ಅವರಿಗೆ ಹಿತವೆನಿಸುವ ಬೇರೆ ಜಾಗದಲ್ಲಿ ಕಾಣಿ.

ಹಂತ 4: ದಿನನಿತ್ಯದ ಸಂಪರ್ಕಕ್ಕೆ ಒಂದು ಶಿಸ್ತು

ಪ್ರಕಟಣೆಗೆ ಒಂದು ದಾರಿ, ವೈಯಕ್ತಿಕ ಮಾತಿಗೆ ಇನ್ನೊಂದು ದಾರಿ ಇರಬೇಕು. ವಾಟ್ಸ್ಆ್ಯಪ್ ಗುಂಪಿನಲ್ಲಿ ರಜೆ, ವೇಳೆ, ಕಾರ್ಯಕ್ರಮ ಇಷ್ಟೇ ಹೋಗಲಿ. ಯಾವ ಮಗುವಿನ ಹೆಸರು, ಅಂಕ, ಗೈರುಹಾಜರಿ, ಬಾಕಿ ಶುಲ್ಕವೂ ಗುಂಪಿನಲ್ಲಿ ಕಾಣಿಸಬಾರದು, ಹೊಗಳಿಕೆಗಾಗಿಯೂ ಕೂಡ. ಹೊಗಳಿಸಿಕೊಳ್ಳದ ಮಕ್ಕಳ ಮನೆಯವರು ಆ ಪಟ್ಟಿಯನ್ನು ಎಚ್ಚರಿಕೆಯಿಂದ ಓದುತ್ತಾರೆ. ಯಾವ ಹೊತ್ತಿನವರೆಗೆ ಶಿಕ್ಷಕರು ಉತ್ತರಿಸುತ್ತಾರೆ ಎಂಬುದನ್ನು ಮೊದಲೇ ತಿಳಿಸಿಬಿಟ್ಟರೆ ರಾತ್ರಿಯ ಸಂದೇಶಗಳಿಂದ ಹುಟ್ಟುವ ಅಸಮಾಧಾನ ತಪ್ಪುತ್ತದೆ.

ಬರೆಯುವ ಭಾಷೆಯನ್ನು ಗಮನಿಸಿ. "ನಿಮ್ಮ ಮಗ ಪದೇ ಪದೇ ಗೈರುಹಾಜರಾಗುತ್ತಿದ್ದು, ತಕ್ಷಣ ಶಾಲೆಗೆ ಬಂದು ಕಾಣತಕ್ಕದ್ದು" ಎಂಬ ಪತ್ರಕ್ಕೂ "ಮಗ ಈ ತಿಂಗಳು 5 ದಿನ ಬಂದಿಲ್ಲ. ಅವನಿಲ್ಲದ ದಿನ ಭಿನ್ನರಾಶಿಯ ಪಾಠ ಆಗಿದೆ, ಅದನ್ನು ಹೇಳಿಕೊಡಲು ಸೋಮವಾರ ಸಮಯ ಇಟ್ಟಿದ್ದೇನೆ. ಬರಲು ಏನಾದರೂ ಅಡಚಣೆ ಇದ್ದರೆ ತಿಳಿಸಿ" ಎಂಬ ಪತ್ರಕ್ಕೂ ವಿಷಯ ಒಂದೇ. ಮೊದಲನೆಯದನ್ನು ಓದಿದವರು ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. ಎರಡನೆಯದನ್ನು ಓದಿದವರಿಗೆ ಕಾರಣ ಹೇಳಲು ಧೈರ್ಯ ಬರುತ್ತದೆ.

ಹಂತ 5: ಸಭೆಯ ರೂಪ ಬದಲಿಸಿ

ಎಲ್ಲರನ್ನೂ ಸಾಲಾಗಿ ಕೂರಿಸಿ ಅಂಕ ಓದುವ ಸಭೆಯನ್ನು ನಿಲ್ಲಿಸಬೇಕು. ಅದರ ಬದಲು ಪ್ರತಿ ಮನೆಗೆ 15 ನಿಮಿಷಗಳ ಪ್ರತ್ಯೇಕ ಸಮಯ ಕೊಡಿ, ಬೆಳಗ್ಗೆ, ಸಂಜೆ ಎರಡರಲ್ಲೂ ಆಯ್ಕೆಯಿರಲಿ, ಒಂದೇ ಮನೆಯ ಇಬ್ಬರು ಮಕ್ಕಳಿದ್ದರೆ ಇಬ್ಬರ ಶಿಕ್ಷಕರೂ ಒಂದೇ ದಿನ ಸಿಗುವಂತೆ ನೋಡಿಕೊಳ್ಳಿ. ಕೂಲಿ ಬಿಟ್ಟು ಬರಬೇಕಾದವರು ಬಾರದಿದ್ದರೆ ಅದನ್ನು ನಿರಾಸಕ್ತಿ ಎಂದು ಬರೆಯುವುದು ಅನ್ಯಾಯ. ಮೇಜಿನ ಮೇಲೆ ಮಗುವಿನ ನೋಟ್‌ಪುಸ್ತಕ, ಚಿತ್ರ, ಬರಹ ಇರಲಿ. ಮೊದಲ ಐದು ನಿಮಿಷ ಮಗುವೇ ತಾನು ಕಲಿತದ್ದನ್ನು ತೋರಿಸಲಿ, ಮುಂದಿನ ಐದು ನಿಮಿಷ ಪೋಷಕರು ಮಾತನಾಡಲಿ, ಉಳಿದದ್ದು ಶಿಕ್ಷಕರದು. ಈ ಕ್ರಮವನ್ನು ತಿರುಗುಮುರುಗು ಮಾಡಿದರೆ ಪೋಷಕರ ಸರದಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಹಂತ 6: ಕಷ್ಟದ ಮಾತು

ಹಿಂದಿನ ಹಂತಗಳೆಲ್ಲ ಪರೀಕ್ಷೆಗೆ ಒಳಗಾಗುವುದು ಇಲ್ಲಿ. ಮಗು ಹೊಡೆದಾಡಿದೆ, ಕಲಿಕೆಯಲ್ಲಿ ಹಿಂದೆ ಬಿದ್ದಿದೆ, ಸುಳ್ಳು ಹೇಳಿದೆ ಎಂಬುದನ್ನು ಮನೆಗೆ ತಿಳಿಸಲೇಬೇಕು. ತಡಮಾಡಿದಷ್ಟೂ "ಇಷ್ಟು ದಿನ ಏಕೆ ಹೇಳಲಿಲ್ಲ" ಎಂಬ ಪ್ರಶ್ನೆ ಬಲವಾಗುತ್ತದೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ.

ಮೊದಲು ಕಂಡದ್ದನ್ನು ಕಂಡಂತೆ ಹೇಳಿ: "ಮಂಗಳವಾರ ಆಟದ ಅವಧಿಯಲ್ಲಿ ಇನ್ನೊಬ್ಬ ಹುಡುಗನನ್ನು ತಳ್ಳಿದ, ಆ ಹುಡುಗನ ಮೊಣಕಾಲಿಗೆ ಗಾಯವಾಗಿದೆ." "ಒರಟ", "ಸೋಮಾರಿ", "ಹಟಮಾರಿ" ಎಂಬ ವಿಶೇಷಣಗಳು ಬಾಯಿಗೆ ಬಂದರೂ ನುಂಗಿಕೊಳ್ಳಿ. ಇನ್ನೊಂದು ಮಗುವಿನ ಹೆಸರನ್ನು ಹೇಳಬೇಡಿ. ಬಳಿಕ ಕೇಳಿ: "ಮನೆಯಲ್ಲಿ ಈಚೆಗೆ ಏನಾದರೂ ವ್ಯತ್ಯಾಸ ಕಂಡಿದ್ದೀರಾ? ನಿಮಗೆ ಏನನಿಸುತ್ತದೆ?" ಕೇಳಿದ ಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬಲು ಹೊರಡುವ ಶಿಕ್ಷಕರು ಬಹಳ ಮಂದಿ, ಮತ್ತು ಪೋಷಕರು ಹೇಳಬಹುದಾಗಿದ್ದ ಮುಖ್ಯ ಮಾತು ಅಲ್ಲಿಯೇ ಕಳೆದುಹೋಗುತ್ತದೆ. ಅನಂತರ ಶಾಲೆ ಏನು ಮಾಡುತ್ತದೆ ಎಂಬುದನ್ನು ಮೊದಲು ಹೇಳಿ, ಮನೆಯಿಂದ ಏನು ಸಾಧ್ಯ ಎಂಬುದನ್ನು ಆಮೇಲೆ ಕೇಳಿ. ಮುಂದೆ ಮಾತನಾಡುವ ದಿನಾಂಕವನ್ನು ಅಲ್ಲಿಯೇ ಗೊತ್ತುಮಾಡಿ, ಆ ದಿನ ನೀವೇ ಕರೆ ಮಾಡಿ. ಆ ಕರೆ ತಪ್ಪಿದರೆ ಹಿಂದಿನ ಎಲ್ಲ ಸೌಜನ್ಯವೂ ತೋರಿಕೆಯಾಗಿತ್ತು ಎಂಬ ಭಾವನೆ ಉಳಿಯುತ್ತದೆ.

ಕೋಪದಿಂದ ಬರುವ ಪೋಷಕರನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಮಾತನಾಡಬೇಡಿ. ಕೂರಿಸಿ, ನೀರು ಕೊಡಿ, ಪೂರ್ತಿ ಹೇಳಲು ಬಿಡಿ, ಅವರ ಮುಂದೆಯೇ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ: "ನೀವು ಹೇಳಿದ್ದು ಇದೇ ಅಲ್ಲವೇ?" ಬಹಳಷ್ಟು ಸಿಟ್ಟಿನ ಒಳಗೆ ಮಗುವಿನ ಬಗೆಗಿನ ಭಯವಿರುತ್ತದೆ, ತನ್ನ ಮಾತು ಮುಟ್ಟಿತು ಎಂದು ಖಾತ್ರಿಯಾದಾಗ ಧ್ವನಿ ತಾನಾಗಿಯೇ ಇಳಿಯುತ್ತದೆ. ವಿಚಾರಿಸದೆಯೇ ಸಹೋದ್ಯೋಗಿಯನ್ನು ಸಮರ್ಥಿಸುವುದೂ ಬೇಡ, ವಿಚಾರಿಸದೆಯೇ ದೂಷಿಸುವುದೂ ಬೇಡ. ತಪ್ಪು ಶಾಲೆಯದೇ ಎಂದು ತಿಳಿದರೆ ಅದೇ ದಿನ, ಕಾರಣಗಳ ಸರಮಾಲೆಯಿಲ್ಲದೆ ಕ್ಷಮೆ ಕೇಳಿ, ಮತ್ತೆ ಹಾಗಾಗದಂತೆ ಏನನ್ನು ಬದಲಿಸಿದ್ದೀರಿ ಎಂಬುದನ್ನು ತಿಳಿಸಿ. ಬೈಗುಳ ಅಥವಾ ಬೆದರಿಕೆ ಬಂದಾಗ ಮಾತ್ರ ಮಾತನ್ನು ಅಲ್ಲಿಗೇ ನಿಲ್ಲಿಸಿ, ಮುಖ್ಯ ಶಿಕ್ಷಕರ ಸಮ್ಮುಖದಲ್ಲಿ ಬೇರೆ ದಿನ ಮುಂದುವರಿಸಬೇಕು. ಶಿಕ್ಷಕರಿಗೂ ಗೌರವದ ಹಕ್ಕಿದೆ.

ಒಂದು ಸಂದರ್ಭದಲ್ಲಿ ಈ ಕ್ರಮ ಸಲ್ಲದು. ಮಗುವಿಗೆ ಮನೆಯಲ್ಲಿಯೇ ಹಿಂಸೆ ಅಥವಾ ದೌರ್ಜನ್ಯ ನಡೆಯುತ್ತಿದೆ ಎಂಬ ಅನುಮಾನ ಬಂದರೆ ಮನೆಯವರನ್ನು ಕರೆದು ವಿಚಾರಿಸಬಾರದು, ಅದರಿಂದ ಮಗು ಇನ್ನಷ್ಟು ಅಪಾಯಕ್ಕೆ ಸಿಲುಕಬಹುದು. ಶಾಲೆಯ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಅಂದೇ ತಿಳಿಸಿ, ಕಾನೂನು ಹೇಳುವ ದಾರಿಯಲ್ಲಿ ಹೋಗಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಗುವಿಗೆ ಮಾತು ಕೊಡಬೇಡಿ.

ಹಂತ 7: ಮನೆಯಿಂದ ಏನನ್ನು ಕೇಳಬೇಕು

ಈಗ, ಇಷ್ಟಾದ ಮೇಲೆ, ಶಾಲೆ ಕೇಳಬಹುದು. ಹೋಂವರ್ಕ್ ಪರಿಶೀಲಿಸಿ ಸಹಿ ಹಾಕುವುದನ್ನೇ ಪೋಷಕರ ಕರ್ತವ್ಯವೆಂದು ಶಾಲೆಗಳು ಭಾವಿಸುತ್ತವೆ. ಆದರೆ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಶಿಕ್ಷಣ ಸಂಶೋಧಕ ವಿಲಿಯಂ ಜೇನ್ಸ್ ಅವರ ವಿಶ್ಲೇಷಣೆಗಳಲ್ಲಿ, ಹೋಂವರ್ಕಿನ ಮೇಲ್ವಿಚಾರಣೆಗಿಂತ ಮಗುವಿನ ಬಗ್ಗೆ ಪೋಷಕರು ಇಟ್ಟುಕೊಳ್ಳುವ ನಿರೀಕ್ಷೆಯೇ ಕಲಿಕೆಯೊಂದಿಗೆ ಹೆಚ್ಚು ಬಲವಾಗಿ ಹೊಂದಿಕೊಂಡಿರುವುದು ಕಂಡುಬಂದಿದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಸಣ್ಣ ಕೆಲಸವನ್ನು ಕೇಳಿ, ಅದು ಓದು ಬರಹ ಬಾರದವರೂ ಮಾಡಬಹುದಾದದ್ದಾಗಿರಲಿ: ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಮಗು ಓದಿ ಹೇಳಲಿ, ದೊಡ್ಡವರು ಕೇಳಲಿ, "ಆಮೇಲೆ ಏನಾಯಿತು?" ಎಂದು ವಿಚಾರಿಸಲಿ. ಒಮ್ಮೆಗೇ ಏಳೆಂಟು ಸೂಚನೆಗಳ ಪಟ್ಟಿ ಹೋದರೆ ಒಂದೂ ನಡೆಯುವುದಿಲ್ಲ, ಜೊತೆಗೆ ತಮ್ಮಿಂದಾಗಲಿಲ್ಲ ಎಂಬ ಸಂಕೋಚದಿಂದ ಪೋಷಕರು ಶಾಲೆಯಿಂದ ದೂರ ಸರಿಯುತ್ತಾರೆ.

ಹಂತ 8: ತೀರ್ಮಾನಗಳಲ್ಲಿ ಪಾಲು

ತೀರ್ಮಾನವಾದ ಮೇಲೆ ಅಭಿಪ್ರಾಯ ಕೇಳುವುದಕ್ಕಿಂತ ಕೇಳದಿರುವುದೇ ಮೇಲು. ಮೊದಲಿಗೆ ಸಣ್ಣದಾದರೂ ನಿಜವಾಗಿ ಬದಲಿಸಲು ಸಿದ್ಧವಿರುವ ವಿಷಯವನ್ನು ಪೋಷಕರ ಮುಂದಿಡಿ, ಉದಾಹರಣೆಗೆ ಸಭೆಯ ವೇಳೆ, ಹೋಂವರ್ಕಿನ ಪ್ರಮಾಣ, ಮಕ್ಕಳನ್ನು ಕರೆದೊಯ್ಯುವಾಗಿನ ನೂಕುನುಗ್ಗಲು. ಒಂದು ತಿಂಗಳೊಳಗೆ ಒಂದು ಪುಟದ ಉತ್ತರ ಕೊಡಿ: ನೀವು ಹೇಳಿದ್ದು ಇದು, ನಾವು ಮಾಡಿದ್ದು ಇದು, ಮಾಡಲಾಗದ್ದು ಇದು, ಅದಕ್ಕೆ ಕಾರಣ ಇದು. ಸಮಿತಿಯಲ್ಲಿ ಯಾವಾಗಲೂ ಅದೇ ನಾಲ್ಕು ಜನ ಮಾತನಾಡುತ್ತಿದ್ದರೆ, ಉಳಿದವರನ್ನು ಸಭೆಗೆ ಮೊದಲೇ ಫೋನಿನಲ್ಲಿ ಕೇಳಿ, ಅವರ ಮಾತನ್ನು ಅವರ ಒಪ್ಪಿಗೆಯಿಂದ ಸಭೆಯ ಮುಂದಿಡಿ.

ಕೆಲಸ ಸಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ

ಸಭೆಗೆ ಬಂದವರ ತಲೆ ಎಣಿಸಿ ತೃಪ್ತಿಪಡಬೇಡಿ. ತಿಂಗಳ ಕೊನೆಗೆ ಸಂಪರ್ಕ ಪುಸ್ತಕ ತೆರೆದು, ಆ ತಿಂಗಳು ಒಂದೂ ಒಳ್ಳೆಯ ಮಾತು ಹೋಗದ ಮನೆಗಳು ಎಷ್ಟು ಎಂದು ನೋಡಿ. ಮುಂದಿನ ತಿಂಗಳ ಕೆಲಸ ಆ ಪಟ್ಟಿಯಿಂದ ಆರಂಭವಾಗುತ್ತದೆ. ಪೋಷಕರೇ ಮೊದಲು ಕರೆ ಮಾಡಿ "ರಾತ್ರಿ ಮಗು ನಿದ್ದೆ ಮಾಡಿಲ್ಲ, ಸ್ವಲ್ಪ ನೋಡಿಕೊಳ್ಳಿ" ಎಂದು ಹೇಳತೊಡಗಿದರೆ, ತಮಗೆ ಒಪ್ಪಿಗೆಯಾಗದ್ದನ್ನು ಹಿಂದಿನಿಂದ ಆಡಿಕೊಳ್ಳದೆ ನೇರವಾಗಿ ನಿಮ್ಮ ಮುಂದೆ ಹೇಳತೊಡಗಿದರೆ ನಂಬಿಕೆ ಬೇರೂರಿದೆ. ಎಲ್ಲದಕ್ಕೂ ತಲೆಯಾಡಿಸಿ, ಏನನ್ನೂ ಕೇಳದೆ, ಬೇಗ ಎದ್ದುಹೋಗುವ ಪೋಷಕರನ್ನು ಒಪ್ಪಿದವರೆಂದು ಎಣಿಸಬೇಡಿ. ಅಲ್ಲಿ ಎರಡನೆಯ ಹಂತ ಮತ್ತೆ ಬೇಕಾಗಿದೆ.

ವರ್ಷದ ಕೊನೆಯ ವಾರ ಪುಸ್ತಕವನ್ನು ಮುಂದಿನ ತರಗತಿ ಶಿಕ್ಷಕರಿಗೆ ಒಪ್ಪಿಸುವಾಗ ಇಬ್ಬರೂ ಜೊತೆಯಾಗಿ ಕುಳಿತು ಒಂದೊಂದು ಪುಟ ನೋಡಬೇಕು. ಕರೆಯ ಹೊತ್ತು, ಭಾಷೆ, ಮಗುವಿನ ಇಷ್ಟ, ಕೊಟ್ಟು ಇನ್ನೂ ಈಡೇರದ ಮಾತು ಇವು ಮುಂದೆ ಹೋಗಲಿ. ಪೋಷಕರು ನಂಬಿ ಹೇಳಿದ ಮನೆಯ ಸಂಗತಿಯನ್ನು ಅವರನ್ನು ಕೇಳಿ, ಒಪ್ಪಿದರೆ ಮಾತ್ರ ದಾಟಿಸಿ. ಒಪ್ಪದಿದ್ದರೆ ಆ ಸಾಲನ್ನು ಪುಟದಿಂದ ತೆಗೆದುಹಾಕಿ, ತೆಗೆದಿದ್ದೇನೆಂದು ಅವರಿಗೆ ತಿಳಿಸಿ.